ನೀಲಿ ಅಂಟು, ಬಿಚ್ಚದ ತಿರುಪು

ಅರಸೀಕೆರೆ ಬಸ್‌ಸ್ಟ್ಯಾಂಡ್ ಪಕ್ಕ ಕನ್ನಡಕ, ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟವನು ಕಥೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವೇ ಬಸ್ಸಿಳಿದು ಬರುತ್ತವೆ. ಅರ್ಧಕ್ಕರ್ಧ ಅಂಟಿನವೇ. ಸಣ್ಣ ಸ್ಕ್ರೂ ತಾನಾಗಿ ಸಡಿಲವಾಗದಿರಲಿ ಅಂತ ಥ್ರೆಡ್ಡಿಗೆ ಹಚ್ಚುವ ನೀಲಿ ಅಂಟಿನ ಸೀಸೆಯೊಂದು ನನ್ನ ಮೇಜಿನ ಮೇಲಿದೆ. ಹಚ್ಚುವುದು ಸುಲಭ. ಬಿಚ್ಚಬೇಕಾದರೆ ಸೋಲ್ಡರಿಂಗ್ ಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ತಾಗಿಸಿ, ಅಂಟು ಮೆತ್ತಗಾಗುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರಬೇಕು. ನಮ್ಮ ಜನಕ್ಕೆ ಆ ಕೂತಿರೋದೊಂದು ಆಗಲ್ಲ ನೋಡಿ.

೧. ಕೊಂಬಿನ ಕನ್ನಡಕ

ಹಗರೆಯ ಯಜಮಾನರೊಬ್ಬರು ಬಂದರು. ಕನ್ನಡಕದ ಕಡ್ಡಿ ಸಡಿಲ ಆಯ್ತು ಅಂತ ಚಪ್ಪಲಿಗೆ ಹಾಕುವ ಅಂಟನ್ನೇ ಸ್ಕ್ರೂ ಮೇಲೆ ಸುರಿದಿದ್ದರು. ಎರಡು ಕಡ್ಡಿಯೂ ಮಡಚುತ್ತಿರಲಿಲ್ಲ.

"ಜೇಬಿಗೆ ಹೆಂಗೆ ಇಡ್ತೀರಿ ಯಜಮಾನ್ರೇ?"

"ಎಲ್ಲಿ ಇಡಾಕಾಯ್ತದೆ? ಮಲಗೋವಾಗ ಕೊಟ್ಟಿಗೇಲಿ ಹಸಿನ ಕೊಂಬಿಗೆ ಸಿಗಿಸ್ತೀನಿ. ಅದು ಪಾಪದ್ದು, ಏನೂ ಅನ್ನಲ್ಲ."

ಬಿಸಿ ಮಾಡಿ, ಕಾದು, ಮತ್ತೆ ಬಿಸಿ ಮಾಡಿ ಎರಡೂ ಸ್ಕ್ರೂ ಬಿಡಿಸಿದೆ. ಕಡ್ಡಿ ಮಡಚಿ ಕೈಗೆ ಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು.

"ಅದೇನೋ ಸರಿ ಸ್ವಾಮಿ. ಈಗ ಕೊಂಬಿಗೆ ನಿಲ್ತದಾ?"

೨. ಹಾಲಿನ ಅಭಿಷೇಕ

ಬೇಲೂರಿನ ಮದುವೆ ಫೋಟೋಗ್ರಾಫರ್ ಒಬ್ಬ ಡ್ರೋನ್ ತಂದ. ಮೋಟರ್ ಬದಲಿಸಬೇಕಿತ್ತು. ನೋಡಿದರೆ ಸ್ಕ್ರೂಗಳ ತಲೆಯೇ ಕಾಣುತ್ತಿಲ್ಲ. ಆಯುಧಪೂಜೆಯ ದಿನ ಅವನ ತಾಯಿ ಒಂದೊಂದು ಸ್ಕ್ರೂಗೂ ಗಂಧ, ಕುಂಕುಮ ಮೆತ್ತಿದ್ದರು. ಅದು ಒಣಗಿ ಕಲ್ಲಾಗಿತ್ತು. ನಾನು ಸೂಜಿ ತೆಗೆದೆ.

"ಕುಂಕುಮ ಕೆರೀಬೇಡಿ ಸಾರ್, ಅಮ್ಮ ನನ್ನ ಸಾಯಿಸಿಬಿಡ್ತಾರೆ!"

"ಮೊದಲೇ ಒಳಗೆ ನೀಲಿ ಅಂಟು ಹಿಡ್ಕೊಂಡಿದೆ ಕಣಪ್ಪಾ. ತಲೆ ಕಾಣದೆ ತಿರುಗಿಸಿದ್ರೆ ಸವೆದು ಬೋಳಾಗುತ್ತೆ."

ಅವನು ತಾಯಿಗೆ ಫೋನ್ ಮಾಡಿದ. ಆಯಮ್ಮ ತಕ್ಷಣ ಪರಿಹಾರ ಹೇಳಿದರು. ಕೆರೆಯುವ ಹಾಗಿಲ್ಲ, ಹಾಲಲ್ಲಿ ತೊಳೆಯಬಹುದು.

ಪಕ್ಕದ ಹೋಟೆಲಿನಿಂದ ಹಾಲು ತರಿಸಿ ಒಂದೊಂದೇ ಸ್ಕ್ರೂ ತೊಳೆದೆ. ಬಿಸಿ ಕಡ್ಡಿ ತಾಗಿಸಿದೆ. ಸ್ಕ್ರೂಗಳು ಬಂದವು, ಒಂದಕ್ಕೂ ಏಟಾಗಲಿಲ್ಲ. ಹಾಲು ಸೀದ ವಾಸನೆ ಮಾತ್ರ ಬೀದಿ ತುಂಬ ಹಬ್ಬಿತು. ಹೋಟೆಲಿನವರು ಬಂದು ಬಾಗಿಲಲ್ಲಿ ನಿಂತರು.

"ಏನ್ಸಾರ್, ನೀವೂ ಕಾಫಿ ಶುರು ಮಾಡಿದ್ರಾ?"

೩. ಅತ್ತೆಯವರ ಓಲೆ

ಇದು ನನ್ನ ಮನೆಯದೇ. ಹಳೇಬೀಡಿನಿಂದ ನಮ್ಮತ್ತೆ ಬಂದಿದ್ದರು. ಸೊಂಟ ನೋವು, ಸರಿಯಾಗಿ ನಿದ್ದೆ ಮಾಡಿ ಎಷ್ಟೋ ಕಾಲವಾಗಿತ್ತು. ಮಾರನೇ ದಿನ ಹಾಸನದಲ್ಲಿ ಸ್ಕ್ಯಾನ್. ಮೈಮೇಲೆ ಒಂದು ಚೂರೂ ಲೋಹ ಇರಬಾರದು ಅಂತ ಆಸ್ಪತ್ರೆಯವರು ಅಂದಿದ್ದರು. ಸಂಜೆ ನನ್ನ ಹೆಂಡತಿ ಅವರ ಓಲೆ ಬಿಚ್ಚಲು ಹೋದಳು. ಎರಡು ಕಿವಿಯ ತಿರುಪೂ ಅಲುಗಾಡಲಿಲ್ಲ.

"ತಿರುಪು ಬಿದ್ದೋಯ್ತವೆ ಅಂತ ಮೊನ್ನೆ ಅಂಗಡೀಲಿ ನಿಮ್ಮ ಸೀಸೇದು ಒಂದೊಂದು ತೊಟ್ಟು ಬಿಟ್ಕೊಂಡೆ ಅಳಿಯಂದ್ರೇ," ಅಂದರು ಅತ್ತೆ. "ಹೋಗ್ಲಿ ಬಿಡಿ, ಸ್ಕ್ಯಾನ್ ಇನ್ನೊಂದ್ಸಲ ನೋಡ್ಕೊಂಡ್ರಾಯ್ತು."

ಹೆಂಡತಿ ಅಳುವುದೊಂದು ಬಾಕಿ. "ನೋವಲ್ಲಿ ಅಮ್ಮ ನರಳೋದು ನೋಡಕ್ಕಾಗ್ತಿಲ್ಲ ಕಣ್ರೀ. ಏನಾದ್ರೂ ಮಾಡ್ರೀ!"

ಸೋಲ್ಡರಿಂಗ್ ಕಡ್ಡಿಯನ್ನು ಅತ್ತೆಯ ಕಿವಿಗೆ ಇಡುವ ಹಾಗಿಲ್ಲ. ಇಡಬೇಕು ಅನ್ನಿಸಿದ ದಿನಗಳು ಇಲ್ಲವೆಂದಲ್ಲ. ಕತ್ತರಿಸೋಣ ಎಂದರೆ ಅದು ಅವರ ತಾಯಿ ಕೊಟ್ಟ ಓಲೆ.

ಕಿವಿಗೂ ತಿರುಪಿಗೂ ನಡುವೆ ತೆಳು ಪ್ಲಾಸ್ಟಿಕ್ ತೂರಿಸಿದೆ. ಅಂಟು ಕರಗಿಸಲು ಉಗುರು ಬಣ್ಣ ಅಳಿಸುವ ನೀರನ್ನು ಹತ್ತಿಕಡ್ಡಿಯಲ್ಲಿ ತಿರುಪಿನ ಬಾಯಿಗೆ ಮುಟ್ಟಿಸಿ ಕಾದೆ. ಮತ್ತೆ ಮುಟ್ಟಿಸಿದೆ, ಮತ್ತೆ ಕಾದೆ. ಜಾರದಿರಲಿ, ಚಿನ್ನಕ್ಕೆ ಗೀರು ಬೀಳದಿರಲಿ ಅಂತ ಸೈಕಲ್ ಟ್ಯೂಬಿನ ಚೂರು ಸುತ್ತಿ, ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ಆಡಿಸಿದೆ. ಕೊನೆಗೆ ಟಿಕ್ ಅಂತ ಒಂದು ಬಿಟ್ಟಿತು. ಇನ್ನೊಂದೂ ಬಂತು.

ಓಲೆಗೆ ಒಂದು ಗೀರಿಲ್ಲ, ಕಿವಿ ಕೆಂಪಾಗಿಲ್ಲ. ಶಹಭಾಸ್ ಅನ್ನುತ್ತಾರೆಂದು ಎದೆಯುಬ್ಬಿಸಿ ನಿಂತೆ. ಅತ್ತೆ ಬರಿಗಿವಿ ಮುಟ್ಟಿ ನೋಡಿಕೊಂಡು, ಮಗಳ ಮೇಲೆ ಹರಿಹಾಯ್ದರು.

"ಆ ಮಿಷಿನ್ನೊಳಗೆ ಮಲಗಾಕೆ ಜೀವ ಹೋಗೋವಷ್ಟು ಭಯ ಆಯ್ತು, ಅದಕ್ಕೇ ಅಂಟು ಹಾಕ್ಕೊಂಡೆ ಕಣೇ! ನಿನ್ ಗಂಡಂಗೆ ಒಂದು ಕೆಲಸಾನೂ ನೆಟ್ಟಗೆ ಬರಲ್ಲ ಅಂತ ಮದ್ವೆ ಆದಾಗಿಂದ ಹೇಳ್ತಿದ್ದೋಳು ನೀನೇ ಅಲ್ವೇನೇ?"

ಹೆಂಡತಿ, ಕುಕ್ಕರ್ ಕೂಗ್ತಿದೆ ಅಂತ ಒಳಗೆ ಓಡಿದಳು. ಕುಕ್ಕರ್ ಇಟ್ಟೇ ಇರಲಿಲ್ಲ.