ಮಿಡತೆಗೆ ಜೀಪಿನ ಎದೆ

ಸರಿರಾತ್ರಿಯಲ್ಲಿ ಕಾರಿನ ಶೆಡ್ಡಿನಿಂದ ‘ಕಿರ್’ ಎಂದು ಒಂದು ಸಣ್ಣ ಸದ್ದು ಬಂತು. ಇಲಿಯದಲ್ಲ, ಬಾಗಿಲಿನದೂ ಅಲ್ಲ. ಸದ್ದುಗಳ ವಿಷಯದಲ್ಲಿ ಜಲಜಾ ಮೋಸಹೋಗುವವಳಲ್ಲ. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಒಂದು ವರ್ಷದಲ್ಲಿ ಆ ಮನೆಯ ಪ್ರತಿಯೊಂದು ಸದ್ದಿಗೂ ಅವಳು ಮನಸ್ಸಿನಲ್ಲೇ ಹೆಸರಿಟ್ಟಿದ್ದಳು. ಇದಕ್ಕೆ ಹೆಸರಿರಲಿಲ್ಲ.

“ರೀ, ಶೆಡ್ಡಲ್ಲಿ ಏನೋ ಕಿರ್ ಅಂತು,” ಎಂದು ಗಂಡನನ್ನು ಅಲುಗಾಡಿಸಿದಳು.

ಶೆಡ್ಡು ಎಂದು ಕೇಳಿದ್ದೇ ಸೇತುರಾಮ ಪಂಚೆ ಸುತ್ತಿಕೊಂಡು ಓಡಿದ. ಸಂಜೆ ತಾನೇ ಅಲ್ಲಿನ ತೊಲೆಗೆ ಒಂದು ಜೀಪಿನ ಇಂಜಿನ್ನನ್ನು ನೇತುಹಾಕಿ ಬಂದಿದ್ದ. ತೊಲೆ ಈಗ ಬಿಲ್ಲಿನಂತೆ ಬಾಗಿತ್ತು. ಗಂಡ ಹೆಂಡತಿ ಹಗ್ಗ ಸಡಿಲಿಸಿ ಅದನ್ನು ನೆಲಕ್ಕೆ ಇಳಿಸುವಷ್ಟರಲ್ಲಿ ಪಕ್ಕದ ಮನೆಯ ಕಲ್ಯಾಣಮ್ಮನವರ ಕಿಟಕಿಯಲ್ಲಿ ದೀಪ ಹತ್ತಿಕೊಂಡಿತು. ಕಲ್ಯಾಣಮ್ಮನವರಿಗೆ ತಿಳಿಯಿತು ಎಂದರೆ ಬೆಳಗ್ಗೆಗೆ ಇಡೀ ಬೀದಿಗೆ ತಿಳಿಯಿತು ಎಂದೇ ಅರ್ಥ.

ಸೇತುರಾಮ ಹತ್ತಿರದ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಯುದ್ಧ ಮುಗಿದ ಮೇಲೆ ತನ್ನ ದೇಶಕ್ಕೆ ಹೊರಟ ಬಿಳಿಯ ದೊರೆಯೊಬ್ಬ ಬಿಟ್ಟುಹೋದ ಸ್ಪೋರ್ಟ್ಸ್ ಕಾರೊಂದು ಕೈಯಿಂದ ಕೈಗೆ ಬಂದು ಅವನ ಪಾಲಾಗಿತ್ತು. ಇಬ್ಬರೇ ಕೂರಬಹುದಾದ, ಸೂರಿಲ್ಲದ, ಉದ್ದ ಮೂತಿಯ ಹಸಿರು ಕಾರು. ಬೀದಿಯವರು ಅದನ್ನು ಮಿಡತೆ ಎನ್ನುತ್ತಿದ್ದರು. ಸಮತಟ್ಟಿನಲ್ಲಿ ಮಿಡತೆಯ ಮೇಲೆ ಯಾರ ದೂರೂ ಇರಲಿಲ್ಲ. ತೊಂದರೆಯಿದ್ದದ್ದು ಬಡಾವಣೆಯ ಕೊನೆಯಲ್ಲಿದ್ದ ಸುಣ್ಣದ ಗೂಡಿನ ಏರಿನಲ್ಲಿ. ಎಲ್ಲಿಗೆ ಹೋಗಬೇಕಾದರೂ ಅದನ್ನು ಹತ್ತಲೇಬೇಕು. ಸೇತುರಾಮ ಒಬ್ಬನೇ ಇದ್ದರೆ ಕಾರು ಹತ್ತುತ್ತಿತ್ತು. ಪಕ್ಕದಲ್ಲಿ ಅಕ್ಕಿ ಮೂಟೆ ಇಟ್ಟರೂ ಹತ್ತುತ್ತಿತ್ತು. ಜಲಜಾ ಕೂತಾಗ ಮಾತ್ರ ಅರ್ಧ ಏರಿಗೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಏರು ಬಂದೊಡನೆ ಅವಳು ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು, ಹನುಮಂತನನ್ನು ನೆನೆಯುತ್ತಿದ್ದಳು. ಹನುಮಂತ ಒಲಿಯುತ್ತಿರಲಿಲ್ಲ. ಕೊನೆಗೆ ಇಳಿದು ನಡೆಯಬೇಕು. ಅವಳು ಇಳಿದದ್ದೇ ತಡ, ಕಾರು ಕಣ್ಣಿ ಬಿಚ್ಚಿದ ಕರುವಿನಂತೆ ಹತ್ತಿಬಿಡುತ್ತಿತ್ತು. ರೇಷ್ಮೆ ಸೀರೆಯುಟ್ಟವಳು ಕೆಂಧೂಳಿನಲ್ಲಿ ಅದರ ಹಿಂದೆ ನಡೆದು ಬರುವುದು ಬೀದಿಯವರಿಗೆ ಅಭ್ಯಾಸವಾಗಿತ್ತು.

ಜಲಜಾ ಅಕ್ಕಿ ಮೂಟೆಗಿಂತ ಹಗುರ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಹಾಗಾದರೆ ಕಾರಣವೇನು? ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಕಲ್ಯಾಣಮ್ಮನವರು ಆ ಒಗಟನ್ನು ಒಂದೇ ಮಾತಿನಲ್ಲಿ ಬಿಡಿಸಿದ್ದರು. “ಕಾಲ್ಗುಣ ಕಣಮ್ಮ. ಬೇರೇನೂ ಅಲ್ಲ.”

ಆ ಮಾತು ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹಾರಿ ಮೈಸೂರಿನಲ್ಲಿದ್ದ ಅತ್ತೆಯ ಕಿವಿಯನ್ನೂ ಮುಟ್ಟಿತ್ತು. ಸೇತುರಾಮನಿಗೆ ಸಿಟ್ಟು ಬಂದದ್ದು ಆಗಲೇ. ಇದು ಕಾಲ್ಗುಣದ ಪ್ರಶ್ನೆಯಲ್ಲ, ಅಶ್ವಶಕ್ತಿಯ ಪ್ರಶ್ನೆ ಎಂದು ಅವನು ಎಲ್ಲರೆದುರು ಘೋಷಿಸಿದ. ಮಿಲಿಟರಿಯವರು ಹರಾಜು ಹಾಕಿದ್ದ ಜೀಪಿನ ಇಂಜಿನ್ ತಂದ. ಅದನ್ನು ಮಿಡತೆಯೊಳಗೆ ಕೂರಿಸಲು ಬೇಕಾದ ಪಟ್ಟಿಗಳನ್ನು ವಾರಗಟ್ಟಲೆ ಅಳೆದು, ಕೊರೆದು ಸಿದ್ಧಮಾಡಿದ. ಭಾನುವಾರ ಸಂಜೆ ಮಲ್ಲೇಶ್ವರದಲ್ಲಿ ಜಲಜಾಳ ಅಕ್ಕ ಸತ್ಯವತಿಯ ಮಗುವಿಗೆ ತೊಟ್ಟಿಲು ಶಾಸ್ತ್ರ. ಅಂದು ಜಲಜಾ ಕೂತಲ್ಲಿಂದ ಏಳದೆ ಏರು ಹತ್ತಬೇಕು. ಹತ್ತದಿದ್ದರೆ ಕಾರನ್ನು ಗುಜರಿಗೆ ಹಾಕುತ್ತೇನೆ ಎಂದೂ ಹೇಳಿಬಿಟ್ಟಿದ್ದ. ಗುಜರಿಗೆ ಹೋದರೆ ಆ ಕಾಲ್ಗುಣದ ಮಾತು ತನ್ನ ಹಣೆಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ ಎಂಬುದು ಜಲಜಾಳಿಗೆ ಗೊತ್ತಿತ್ತು.

ಬೆಳಗಾಗುವಷ್ಟರಲ್ಲಿ ಭಾನುವಾರವೂ ಬಂತು, ತೊಲೆಯೂ ಕೈಕೊಟ್ಟಿತ್ತು. ಇನ್ನು ಅಂಗಳದ ಬೇವಿನ ಮರವೇ ಗತಿ. ಸೇತುರಾಮ ನಾಲ್ಕು ಮನೆಗಳಿಗೆ ಸೇರಿದ ಬಾವಿಯ ರಾಟೆಯನ್ನು ಬಿಚ್ಚಿ ಬೇವಿನ ಕೊಂಬೆಗೆ ಕಟ್ಟಿದ. ನೀರಿಗೆ ಬಂದ ಹೆಂಗಸರು ರಾಟೆಯಿಲ್ಲದ ಬಾವಿಯನ್ನು ನೋಡಿ, ಹಿತ್ತಾಳೆ ಕೊಡಗಳನ್ನು ಮಿಡತೆಯ ಮುಂದೆ ಸಾಲಾಗಿ ಇಟ್ಟು, ಕಾದು ನಿಂತರು. ಕಾಯುವ ಹೆಂಗಸರು ಸುಮ್ಮನಿರುವುದುಂಟೇ? ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು.

ಎಳೆಯಲು ಜನ ಸಾಲದೆಂದು ಮುನಿವೆಂಕಟಪ್ಪ ತನ್ನ ಎತ್ತುಗಳನ್ನು ಕೊಟ್ಟ. ಶ್ರೀಗಂಧದ ಕಾವಲಿನ ತೋಟದಿಂದ ದಿನಾ ಗಾಡಿಯಲ್ಲಿ ಸೊಪ್ಪು ತರುತ್ತಿದ್ದವನು ಅವನು. ಕೂಲಿ ಬೇಡ, ಹಳೇ ಇಂಜಿನ್ ಕೊಟ್ಟರೆ ಸಾಕು, ತೋಟಕ್ಕೆ ನೀರೆತ್ತಲು ಆಗುತ್ತದೆ ಎಂದ. ಜೀವಮಾನವೆಲ್ಲ ಕಪಿಲೆ ಎಳೆದು, ಬಾವಿಯಿಂದ ತೊಗಲಿನ ಚೀಲದಲ್ಲಿ ನೀರೆತ್ತಿದ ಎತ್ತುಗಳಿಗೆ ಇನ್ನು ವಿಶ್ರಾಂತಿ ಕೊಡುವುದು ಅವನ ಆಸೆ. ಏರಲ್ಲಿ ನಿಲ್ಲುವ ಇಂಜಿನ್ ಯಾರಿಗೆ ಬೇಕು ಎಂದು ಸೇತುರಾಮ ಕೂಡಲೇ ಒಪ್ಪಿದ.

ಅಂಗಳ ಸ್ವಲ್ಪ ಇಳಿಜಾರು. ಕಾರು ಜಾರದಂತೆ ಯಾರಾದರೂ ಒಳಗೆ ಕೂತು ಬ್ರೇಕು ಹಿಡಿಯಬೇಕಾಗಿತ್ತು. ಎದುರು ಮನೆಯ ಹನುಮಂತಯ್ಯನವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಬ್ರೇಕು ಎಂದ ಮೇಲೆ ಅದು ಗಾರ್ಡಿನ ಕೆಲಸವೆಂದು ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಂದು, ಎರಡು ಸೀಟುಗಳ ನಡುವೆ ಇದ್ದ ಕಂಬಿಯನ್ನು ಹಿಡಿದು ಕೂತರು.

“ಇದೇನಯ್ಯಾ ವಿಚಿತ್ರ. ಹಿಡಿದಿರೋ ತನಕ ನಿಲ್ಲುತ್ತೆ, ಬಿಟ್ರೆ ತಾನೇ ಬಿಟ್ಕೊಳ್ಳುತ್ತೆ.”

“ರೇಸಿನವರಿಗೆ ಅಂತ ಮಾಡಿದ್ದು ಸಾರ್,” ಎಂದು ಸೇತುರಾಮ ಕಾರಿನ ಮೂತಿಯ ಕೆಳಗಿನಿಂದಲೇ ಹೇಳಿದ. “ತುದೀಲಿರೋ ಗುಂಡಿ ಒತ್ತಿದ್ರೆ ಮಾತ್ರ ಕಚ್ಕೊಂಡು ನಿಲ್ಲೋದು.”

ಹನುಮಂತಯ್ಯನವರು ಗುಂಡಿಯನ್ನು ನಂಬಲಿಲ್ಲ, ಕೈಯನ್ನೇ ನಂಬಿದರು. ಸೀಟಿ ಊದಿದರು. ಎತ್ತುಗಳು ಮುಂದಕ್ಕೆ ನಡೆದವು. ಹಳೆಯ ಇಂಜಿನ್ ಮಿಡತೆಯ ಎದೆಯಿಂದ ಹಲ್ಲು ಕಿತ್ತಂತೆ ಮೇಲಕ್ಕೆ ಬಂತು. ಕಾರನ್ನು ಹಿಂದಕ್ಕೆ ತಳ್ಳಿ, ಕೆಳಗೆ ಗಾಡಿ ತಂದು ನಿಲ್ಲಿಸಿದರು. ಇನ್ನು ಇಳಿಸಬೇಕು. ಮತ್ತೆ ಸೀಟಿ. ಎತ್ತುಗಳು ಕಲ್ಲಿನ ಬಸವಣ್ಣಗಳಂತೆ ನಿಂತೇ ಇದ್ದವು. ಬೈದರೂ ಅಷ್ಟೇ, ಬೆಲ್ಲ ತೋರಿಸಿದರೂ ಅಷ್ಟೇ. ಇಂಜಿನ್ ಗಾಡಿಯ ಮೇಲೆ ಗಡಿಯಾರದ ಲೋಲಕದಂತೆ ತೂಗಾಡುತ್ತಿತ್ತು.

“ಅವು ಕಪಿಲೆ ಎತ್ತು ಸೋಮಿ,” ಎಂದ ಮುನಿವೆಂಕಟಪ್ಪ ನಿಧಾನವಾಗಿ. “ಚೀಲದ ನೀರು ಸುರ್ದ ಸದ್ದು ಕೇಳ್ದೆ ಇಂದಕ್ ಬರಾಕಿಲ್ಲ.”

ನೀರು ಎಲ್ಲಿಂದ ತರುವುದು? ಬಾವಿಯ ರಾಟೆ ಮರದ ಮೇಲಿತ್ತು. ಎಲ್ಲರ ಕೊಡಗಳೂ ಖಾಲಿ. ಬೀದಿಯಲ್ಲಿ ಉಳಿದಿದ್ದದ್ದು ಕಲ್ಯಾಣಮ್ಮನವರ ಮಡಿನೀರಿನ ಎರಡು ಬಿಂದಿಗೆ ಮಾತ್ರ. ಬಹಳ ಹೊತ್ತು ಬೇಡಿಕೊಂಡ ಮೇಲೆ ಅವರು ಒಂದನ್ನು ಕೊಟ್ಟರು. ಜಲಜಾ ಅದನ್ನು ಎತ್ತುಗಳ ಹಿಂದೆ ನಿಂತು ಕಲ್ಲಿನ ಮೇಲೆ ಸುರಿದಳು. ಸುರಿದ ಸದ್ದಿಗೆ ಎತ್ತುಗಳು ಕಿವಿ ಅಲುಗಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದವು. ಇಂಜಿನ್ ಗಾಡಿಯಲ್ಲಿ ಕೂತಿತು. ಸೇತುರಾಮನ ಇಷ್ಟು ದಿನದ ಲೆಕ್ಕಾಚಾರದಲ್ಲಿ ಎಲ್ಲವೂ ಇತ್ತು. ಈ ಒಂದು ಬಿಂದಿಗೆ ನೀರು ಇರಲಿಲ್ಲ.

ಜೀಪಿನ ಇಂಜಿನ್ ಮೇಲೇರುವಾಗ ಮಧ್ಯಾಹ್ನ ಮೀರಿತ್ತು. ಮಿಡತೆಯ ಎದೆಗೂಡಿನ ಮೇಲೆ ಅದನ್ನು ತಂದು, ಸೇತುರಾಮ ಒಳಗೆ ಕೈಹಾಕಿ ಬೋಲ್ಟಿನ ತೂತುಗಳನ್ನು ಹೊಂದಿಸುತ್ತಿದ್ದ. ಆಗಲೇ ಕಲ್ಯಾಣಮ್ಮನವರು, ಹಾಳಾದ ಮಡಿಯನ್ನು ಸರಿಮಾಡಿಕೊಳ್ಳಲೆಂದು, ತಮ್ಮ ಹಿತ್ತಿಲಿನಲ್ಲಿ ಉಳಿದ ಬಿಂದಿಗೆಯನ್ನು ತಲೆಯ ಮೇಲೆ ಸುರಿದುಕೊಂಡರು.

ಎತ್ತುಗಳು ಕೇಳಿಸಿಕೊಂಡವು. ಹಿಂದಕ್ಕೆ ಹೆಜ್ಜೆ ಇಟ್ಟವು.

ಸೇತುರಾಮ ಕೈ ಎಳೆದುಕೊಂಡಷ್ಟೇ. ಇಂಜಿನ್ ಬಂದ ವೇಗಕ್ಕೆ ಹನುಮಂತಯ್ಯನವರು ಕಂಬಿ ಬಿಟ್ಟು ಸೀಟಿ ಹುಡುಕಿದರು. ಬಿಟ್ಟೊಡನೆ ಕಾರು ಒಂದು ಮಾರು ಮುಂದಕ್ಕೆ ಹರಿದು ಖಾಲಿ ಕೊಡಗಳನ್ನೆಲ್ಲ ಉರುಳಿಸಿತು. ಧೂಳು ಇಳಿದ ಮೇಲೆ ನೋಡಿದರೆ, ಇಂಜಿನ್ ತನ್ನ ಜಾಗದಲ್ಲಿ, ಅಳತೆ ತಪ್ಪದೆ, ಕೂತೇಬಿಟ್ಟಿತ್ತು. ಮೂತಿಯ ಮುಚ್ಚಳ ಮಾತ್ರ ಇನ್ನು ಮುಚ್ಚುವಂತಿರಲಿಲ್ಲ. ಅದನ್ನು ಜಲಜಾಳ ಹಳೆಯ ಸೀರೆಯಿಂದ ಕಟ್ಟಿದರು. ಒದ್ದೆ ತಲೆಯಲ್ಲಿ ಬಂದ ಕಲ್ಯಾಣಮ್ಮನವರು ಇದು ಒಳ್ಳೆಯ ಮುಹೂರ್ತದ ಫಲ ಎಂದರು. ರಾಹುಕಾಲ ಬರುವ ಮೊದಲೇ ಹೊರಡಬೇಕೆಂದೂ ಎಚ್ಚರಿಸಿದರು.

ಪೈಪು, ತಂತಿ, ಸರಳು ಎಲ್ಲವನ್ನೂ ಜೋಡಿಸಿ ಸೇತುರಾಮ ಹ್ಯಾಂಡಲ್ ತಿರುಗಿಸಿದ. ಅಕ್ಕಿ ಗಿರಣಿಯೊಂದು ಅಂಗಳದಲ್ಲಿ ಎದ್ದು ನಿಂತಂತೆ ಸದ್ದಾಯಿತು. ಜಲಜಾ ರೇಷ್ಮೆ ಸೀರೆಯ ನೆರಿಗೆ ಕೂಡಿಸಿಕೊಂಡು ಕೂತಳು. ಬೀದಿಯ ಜನವೆಲ್ಲ ಏರಿನ ಬುಡದವರೆಗೆ ಮೆರವಣಿಗೆಯಂತೆ ಹಿಂದೆ ಬಂದರು. ಯಾರ ಮುಖದಲ್ಲೂ ಕೆಟ್ಟದ್ದಿರಲಿಲ್ಲ. ಏನಾಗುತ್ತದೆ ನೋಡೋಣ ಎಂಬುದಿತ್ತು, ಅಷ್ಟೆ. ಜಲಜಾಳಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಏರು ಬಂತು. ಅವಳು ಕಣ್ಣು ಮುಚ್ಚಿದಳು.

ಮಿಡತೆ ಗರ್ಜಿಸುತ್ತ ಹತ್ತಿತು. ಹತ್ತುತ್ತ ನಿಧಾನವಾಯಿತು. ಅರ್ಧ ಏರಿಗೆ, ಎಂದಿನ ಕಲ್ಲಿನ ಬಳಿ, ಹಿಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರತೊಡಗಿತು. ಸೇತುರಾಮ ಪೆಡಲನ್ನು ನೆಲಕ್ಕೇ ಒತ್ತಿಬಿಟ್ಟಿದ್ದ.

“ಇದಕ್ಕೂ ಆಗ್ತಿಲ್ವಲ್ಲ ಜಲಜಾ,” ಎಂದ.

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಜಲಜಾ ಆ ಏರಿನಲ್ಲಿ ಮೊದಲ ಬಾರಿಗೆ ಕಣ್ಣು ತೆರೆದಳು. ಒದ್ದೆಯಾದ ಕಣ್ಣು ಒರೆಸಿಕೊಳ್ಳಲು ಸೆರಗನ್ನು ಎಳೆದುಕೊಂಡಳು. ಸೆರಗಿನ ಕೆಳಗೆ ಅವಳ ಬಲಗೈ ಇತ್ತು. ಬಲಗೈಯಲ್ಲಿ ಒಂದು ಕಂಬಿ ಇತ್ತು. ಬೆಳಗ್ಗೆ ಹನುಮಂತಯ್ಯನವರು ಹಿಡಿದು ಕೂತಿದ್ದ ಕಂಬಿ. ಅದನ್ನು ಅವಳು ತನ್ನ ಹೊಟ್ಟೆಯವರೆಗೂ ಎಳೆದಿಟ್ಟಿದ್ದಳು.

ಹಿಡಿದಿರೋ ತನಕ ನಿಲ್ಲುತ್ತೆ.

ಒಂದು ವರ್ಷ ನಡೆದ ಕೆಂಧೂಳು, ಅತ್ತೆಯ ಕಿವಿ, ಬಾವಿಯ ರಾಟೆ, ಮಡಿನೀರು, ಎತ್ತುಗಳು, ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ಎಲ್ಲವನ್ನೂ ನಿಧಾನವಾಗಿ ಮಾಡುವ ಜಲಜಾ ಅದೊಂದನ್ನು ಮಾತ್ರ, ಕಾದ ಬಾಣಲೆ ಮುಟ್ಟಿದವಳಂತೆ, ತಟ್ಟನೆ ಬಿಟ್ಟುಬಿಟ್ಟಳು.

ಆ ಕ್ಷಣ ಮಿಡತೆ ನಿಜವಾಗಿ ಮಿಡತೆಯಾಯಿತು. ಉಳಿದ ಅರ್ಧ ಏರನ್ನು ಅದು ಹತ್ತಿತೋ ಹಾರಿತೋ ಹೇಳುವುದು ಕಷ್ಟ. ಕೆಳಗಿನಿಂದ ಹನುಮಂತಯ್ಯನವರ ಸೀಟಿ ಕೇಳಿಸುತ್ತಿತ್ತು. ಏರಿನ ನೆತ್ತಿಯಲ್ಲಿ ಅರ್ಧ ಕಟ್ಟಿದ ಮನೆಯೊಂದಿತ್ತು. ಅದರ ಮುಂದೆ ಮರಳಿನ ಗುಡ್ಡೆ. ಮಿಡತೆ ಅದರೊಳಗೆ ಕುತ್ತಿಗೆಯವರೆಗೆ ಮೂತಿ ತೂರಿಸಿ, ಉಸ್ಸೆಂದು ಆವಿ ಬಿಟ್ಟು, ಸುಮ್ಮನಾಯಿತು.

ಜನ ಓಡಿಬಂದರು. ಇಬ್ಬರಿಗೂ ಗೀರು ಕೂಡ ಆಗಿರಲಿಲ್ಲ. ಮುಂದಿನ ಚಕ್ರಗಳು ಮಾತ್ರ ಒಂದನ್ನೊಂದು ನೋಡುತ್ತಿದ್ದವು. ಕಲ್ಯಾಣಮ್ಮನವರು ಏದುಸಿರು ಬಿಡುತ್ತ ಬಂದು ಜಲಜಾಳ ಕೆನ್ನೆ ಸವರಿ ಲಟಿಗೆ ಮುರಿದರು.

“ನಿನ್ನ ಕಾಲ್ಗುಣ ದೊಡ್ಡದು ಕಣೇ. ನೀನು ಪಕ್ಕದಲ್ಲಿ ಇಲ್ದಿದ್ರೆ ಗೋಡೆಗೇ ಹೋಗಿರೋದು. ನಿಮ್ಮತ್ತೆಗೆ ನಾನೇ ಹೇಳ್ತೀನಿ.”

ಹನುಮಂತಯ್ಯನವರು ಇಂಜಿನ್ ಅತಿಯಾಯಿತು ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಮುನಿವೆಂಕಟಪ್ಪನ ಗಾಡಿ ಹಳೆಯ ಇಂಜಿನ್ ಹೊತ್ತು ಏರು ಹತ್ತಿ ಬಂತು. ಸೇತುರಾಮ ಗಾಡಿಗೆ ಅಡ್ಡ ನಿಂತು, ಅದನ್ನು ವಾಪಸು ಕೊಡುತ್ತೀಯಾ ಎಂದು ಮೆಲ್ಲಗೆ ಕೇಳಿದ.

“ಕೊಟ್ಟ ಎಣ್ಣು ಕುಲಕ್ಕೆ ವೊರ್ಗು ಸೋಮಿ,” ಎಂದು ಮುನಿವೆಂಕಟಪ್ಪ ಎತ್ತುಗಳನ್ನು ಚಪ್ಪರಿಸಿದ. ಅವು ನಿಲ್ಲದೆ ಹೋದವು.

ತೊಟ್ಟಿಲು ಶಾಸ್ತ್ರಕ್ಕೆ ಇಬ್ಬರೂ ನಡೆದೇ ಹೊರಟರು. ಸೇತುರಾಮ ಮತ್ತೆ ಮತ್ತೆ ಹಿಂದಿರುಗಿ ಏರನ್ನು ನೋಡಿದ. ಆಮೇಲೆ, ಅರ್ಧ ಏರಿನಲ್ಲಿ ನಿಂತ ಕಾರು ಇದ್ದಕ್ಕಿದ್ದಂತೆ ಯಾಕೆ ಹಾಗೆ ನುಗ್ಗಿತು, ಅದೇ ತನಗೆ ತಿಳಿಯುತ್ತಿಲ್ಲ ಎಂದ. ನೀನೇನಾದರೂ ಗಮನಿಸಿದೆಯಾ ಎಂದು ಕೇಳಿದ.

“ನಾನು ಏರಲ್ಲಿ ಕಣ್ಣು ಮುಚ್ಕೊಂಡಿರ್ತೀನಲ್ಲ,” ಎಂದಳು ಜಲಜಾ.

ಅದು ಅವನಿಗೆ ಸರಿಯೆನಿಸಿತು. ಚಿಕ್ಕದು ಹತ್ತುವುದಿಲ್ಲ, ದೊಡ್ಡದು ನಿಲ್ಲುವುದಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ವಿಚಾರಿಸಿದರೆ ನಡುವಿನ ಗಾತ್ರದ ಇಂಜಿನ್ ಸಿಗಬಹುದು ಎಂದು ಗಟ್ಟಿಯಾಗಿಯೇ ಲೆಕ್ಕ ಹಾಕತೊಡಗಿದ. ಅವನ ಮುಖದಲ್ಲಿ ಆಗಲೇ ಸ್ವಲ್ಪ ಬೆಳಕು ಮೂಡಿತ್ತು.

ಜಲಜಾಳ ಬಲ ಅಂಗೈಯಲ್ಲಿ ಕಂಬಿಯ ಉದ್ದನೆಯ ಗುರುತು ಇನ್ನೂ ಕೆಂಪಗಿತ್ತು. ಅವಳು ಅದರ ಮೇಲೆ ಸೆರಗು ಎಳೆದುಕೊಂಡಳು. ಇನ್ನು ಮುಂದೆ ಏರು ಬಂದಾಗ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು. ಈ ವಿಷಯವನ್ನು ಗಂಡನಿಗಾಗಲಿ, ಅಕ್ಕನಿಗಾಗಲಿ, ಯಾರಿಗೂ ಯಾವತ್ತೂ ಹೇಳಬಾರದು. ಹನುಮಂತನಿಗೆ ಹೇಗೂ ಗೊತ್ತಿತ್ತು, ಅವನು ಹೇಳುವವನಲ್ಲ.