ಮಾಡಸು ಅಂದ್ರ ಮಾಡಸಬೇಕು

ಕಂಪ್ಯೂಟರಿಗೆ ಒಂದು ಕೆಲಸಾ ಹೇಳೂದು, ಅದು ಮತ್ತೊಂದಕ್ಕ ಹೇಳೂದು, ಕಡೀಕ ಯಾರೂ ಮಾಡದ ಸುಮ್ಮ ಕುಂಡ್ರೂದು, ಇದು ನಮ್ಮ ಅಂಗಡ್ಯಾಗ ಆಗಿಂದಾಗ ಆಗೂದ. ಆದ ದಿನಾ ನನಗ ಸಿಟ್ಟು ನೆತ್ತಿಗೇರ್ತೈತಿ. ಮರುದಿನಾ ಅದನ್ನ ಮಂದಿಗೆ ಹೇಳಿಕೋಂತ ನಾನ ಎಲ್ಲಾರಕಿಂತ ಜಾಸ್ತಿ ನಗ್ತೇನಿ.

ನಮ್ಮ ಸಾವ್ಕಾರ್ರದು ಬ್ಯಾನರ್ ಮತ್ತ ಲಗ್ನಪತ್ರಿಕಿ ಮಾಡೂ ಧಂದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಕೂ ಊರಾಗ ಒಂದೊಂದು ಅಂಗಡಿ. ದೊಡ್ಡ ಪ್ರಿಂಟಿಂಗ್ ಮಷಿನ್ ಇರೂದು ಮಾತ್ರ ಶಿಗ್ಗಾಂವ್ಯಾಗ ಒಂದ. ಉಳದ ಊರಿನ ಆರ್ಡರ್ ಎಲ್ಲಾ ಹಾನಗಲ್ಲಿಗೆ ನನ್ನ ಕಂಪ್ಯೂಟರಿಗೆ ಬರ್ತಾವು. ನಾನು ಫೋಟೋ ಸಣ್ಣದು ಮಾಡಿ, ಅಕ್ಷರಾ ಜೋಡಿಸಿ, ಶಿಗ್ಗಾಂವಿ ಮಷಿನ್ನಿಗೆ ಕಳಸಬೇಕು. ಲಗ್ನದ ದಿನದಾಗ ಇದನ್ನ ಕೈಲೆ ಮಾಡಿ ಮಾಡಿ ಕುತಿಗಿ ಹಿಡ್ಕೊಂಡು ಬಿಡ್ತಿತ್ತು. ಅದಕ್ಕ ಒಂದು ಸ್ಕ್ರಿಪ್ಟ್ ಬರದೆ.

ಸ್ಕ್ರಿಪ್ಟ್ ಅನ್ನೂದು ತಾನು ಸ್ವತಃ ಏನೂ ಮಾಡೂದಿಲ್ಲ, ಮನಿ ಕಟ್ಟೂ ಕಡೆ ನೆಳ್ಳಾಗ ನಿಂತ ಮೇಸ್ತ್ರಿ ಇದ್ದಂಗ. ಫೋಟೋ ಸಣ್ಣದು ಮಾಡೂ ಪ್ರೋಗ್ರಾಂ ಬ್ಯಾರೆ, ಅಕ್ಷರಾ ಜೋಡಸೂದು ಬ್ಯಾರೆ, ಮಷಿನ್ನಿಗೆ ಕಳಸೂದು ಬ್ಯಾರೆ. ಇದು ಅವಕ್ಕೆಲ್ಲಾ ಹುಕುಂ ಕೊಡತೈತಿ, ಅಷ್ಟ. ಹುಕುಂ ಕೊಡಾಕಂತನ ಅದರಾಗ ಒಂದು ಸಣ್ಣ ಫಂಕ್ಷನ್ ಬರದು 'ಮಾಡಸು' ಅಂತ ಹೆಸರಿಟ್ಟೆ.

ಸಾವ್ಕಾರ್ರು ನೋಡಿದ್ರು, ಮೀಸಿ ತಿರುವಿದ್ರು. "ಯವ್ವಾ, ಈ ಲಗ್ನದ ಸೀಜನ್ ಮುಗಿಯೂದ್ರಾಗ ಇದು ಒಂದ ದಿನಾ, ಮುಂಜಾನಿಂದ ಸಂಜೀ ತನಕ, ನೀ ಕೈ ಹಚ್ಚದ ನಡದು ತೋರಸ್ಲಿ. ಇಲ್ಲಂದ್ರ ಹುಬ್ಬಳ್ಳಿಯಿಂದ ತಯಾರ ಸಾಫ್ಟ್‌ವೇರ್ ತರಸ್ತೇನಿ. ನೀ ಕೌಂಟರಿನ್ಯಾಗ ಕುಂತು ರಸೀದಿ ಹರಿ," ಅಂದ್ರು.

ಕೌಂಟರಿನ್ಯಾಗ ಕುಂಡ್ರಾಕ ನಾ ಇಷ್ಟು ಓದಿದ್ನೇನು? "ತೋರಸ್ತೇನ್ರಿ," ಅಂದುಬಿಟ್ಟೆ. ಅಂದಮ್ಯಾಲೆ ಮುಗೀತು, ನಾ ಬಿಡೂ ಪೈಕಿ ಅಲ್ಲ.

ಎಲ್ಲಾ ಆತು

ಮದಲನೇ ದಿನಾ 'ಮಾಡಸು' ಹುರುಪಿನ್ಯಾಗ ಕೆಲಸಾ ಸುರು ಮಾಡ್ತು. ಸ್ಕ್ರೀನ್ ಮ್ಯಾಲೆ ಸಾಲಿಗೊಂದು "ಆತು" ಬರಾಕತ್ವು. ಫೋಟೋ ಸಣ್ಣದು ಮಾಡೂದು, ಆತು. ಅಕ್ಷರಾ ಜೋಡಸೂದು, ಆತು. ಮಷಿನ್ನಿಗೆ ಕಳಸೂದು, ಆತು. ನಾನು ಕಾಲು ಚಾಚಿ ಮಂಡಕ್ಕಿ ತಿನಕೋಂತ ಕುಂತೆ.

ಮಧ್ಯಾಹ್ನಕ್ಕ ಶಿಗ್ಗಾಂವಿಯಿಂದ ಫೋನ್ ಬಂತು. ಅಲ್ಲಿ ಮಷಿನ್ ನಡಸಾಂವ್ಗ ನಾವೆಲ್ಲಾರೂ ಮಷಿನ್ ಮಾಮಾ ಅಂತೇವಿ. "ಏನವಾ, ಇವತ್ತು ಯಾರೂ ಲಗ್ನಾ ಆಗೂದಿಲ್ಲೇನು? ಮುಂಜಾನಿಂದ ಒಂದೂ ಆರ್ಡರ್ ಬಂದಿಲ್ಲ!"

ತಗದು ನೋಡ್ತೇನಿ, ಫೋಟೋ ಸಣ್ಣದು ಮಾಡೂ ಪ್ರೋಗ್ರಾಮನ್ನ ನನ್ನ ಕಂಪ್ಯೂಟರಿನ್ಯಾಗ ಹಾಕೇ ಇಲ್ಲ. ಇಲ್ಲದಾಂವ್ಗ ಹುಕುಂ ಕೊಟ್ಟು, ಅಂವಾ ಮಾಡಿದ್ನೋ ಇಲ್ಲೋ ಕೇಳದ, "ಆತು" ಅಂತ ಬರಕೋಂತ ಹೊಂಟೈತಿ ನನ್ನ 'ಮಾಡಸು'. ಸಾವ್ಕಾರ್ರು ಕೇಳಿ, "ಬರೋಬ್ಬರಿ ಐತಲ್ಲ! ನಮ್ಮ ನಾಕೂ ಅಂಗಡಿ ಮಂದಿ ಮಾಡೂದೂ ಇದನ್ನ. ಇದಕ್ಕ ಕಂಪ್ಯೂಟರ್ ಯಾಕ ಬೇಕಿತ್ತು?" ಅಂದ್ರು.

ನನಗ ಮೈ ಉರೀತು. ಅವತ್ತ ಕುಂತು ರಿಪೇರಿ ಮಾಡಿದೆ. ಯಾವ ಪ್ರೋಗ್ರಾಂ ಆದ್ರೂ ಕೆಲಸಾ ಮುಗಿಸಿದ ಮ್ಯಾಲೆ ಒಂದು ನಂಬರ್ ಹೇಳಿ ಹೋಗ್ತೈತಿ. ಆ ನಂಬರ್ ನೋಡೇ 'ಮಾಡಸು' ಮುಂದಿನ ಮಾತು ಆಡಬೇಕು ಅಂತ ಬರದೆ. ಸಾವ್ಕಾರ್ರಿಗೆ ತಿಳಿಸಿ ಹೇಳಿದೆ: "ಸೊನ್ನಿ ಬಂತಂದ್ರ ಕೆಲಸಾ ಚೊಲೋ ಆಗೇತಿ ಅಂತ ಅರ್ಥರಿ. ಬ್ಯಾರೆ ಏನ ಬಂದ್ರೂ ಕೆಟ್ಟೈತಿ ಅಂತ."

ಸಾವ್ಕಾರ್ರು ನಿಟ್ಟುಸುರು ಬಿಟ್ಟು, "ನಮ್ಮ ಸಾಲ್ಯಾಗ ಈ ಪದ್ಧತಿ ಇದ್ದಿದ್ರ ನಾ ಇವತ್ತು ಡಾಕ್ಟರ್ ಆಗಿರ್ತಿದ್ದೆ," ಅಂದ್ರು.

ದೇವರು ಸಿಗವಲ್ಲ

ಸವಣೂರ ಅಂಗಡ್ಯಾಗ ಕುಂಡ್ರೂ ಅಕ್ಕ ಭಾಳ ಅಚ್ಚುಕಟ್ಟು. ಲಗ್ನಪತ್ರಿಕಿ ಅಂದಮ್ಯಾಲೆ ದೇವರ ಹೆಸರಿನ ಆ ಕಡೆ '||' ಅಂತ ಎರಡು ಉದ್ದ ಗೀಟು, ಈ ಕಡೆ ಎರಡು ಉದ್ದ ಗೀಟು ಹಾಕದ ಆಕಿ ಒಪ್ಪೂದಿಲ್ಲ. ವರನ ಹೆಸರಿನ ಮದಲೂ ಗೀಟು, ವಧುವಿನ ಹೆಸರಿನ ಮದಲೂ ಗೀಟು. ನಮ್ಮ ಕಡೆ ಪತ್ರಿಕಿ ಇರೂದ ಹಂಗ, ಅದರಾಗ ಆಕೀದೇನೂ ತಪ್ಪಿಲ್ಲ.

ತಪ್ಪು ನಂದು. ಆಕಿ ಕೀಬೋರ್ಡಿನ್ಯಾಗ ಬಡದಿದ್ದನ್ನ 'ಮಾಡಸು' ಇದ್ದಂಗ ಎತ್ತಿ ಹುಕುಮಿನ ಸಾಲಿನ್ಯಾಗ ಸೇರಸ್ತಿತ್ತು. ಕಂಪ್ಯೂಟರಿಗೆ ಹುಕುಮಿನ್ಯಾಗ ಎರಡು ಉದ್ದ ಗೀಟು ಕಂಡ್ರ, "ಹಿಂದಿನ ಕೆಲಸಾ ಆಗಲಿಲ್ಲಂದ್ರ ಮುಂದಿಂದು ಮಾಡು" ಅಂತ ತಿಳಕೋತೈತಿ. ಗೀಟಿನ ಮುಂದ ಇರೂದು ಪ್ರೋಗ್ರಾಮಿನ ಹೆಸರು ಅಂತ ಅದರ ಲೆಕ್ಕ. ಗೀಟಿನ ಮದಲ ಜೋಡಸಾಕ ಒಂದೂ ಅಕ್ಷರಾ ಇರಲಿಲ್ಲಂತ ಹಿಂದಿನ ಕೆಲಸಾ ಕೆಟ್ತು. ಹಿಂಗಾಗಿ ಅದು ಮದಲ ಶ್ರೀಬಸವೇಶ್ವರ ಅನ್ನೂ ಪ್ರೋಗ್ರಾಂ ಎಲ್ಲೈತಿ ಅಂತ ಹುಡುಕ್ತು. ಸಿಗಲಿಲ್ಲ. ಮುಂದಿನ ಗೀಟಿಗೆ ಹೋಗಿ ವರನ್ನ ಹುಡುಕ್ತು. ಅದೂ ಇಲ್ಲ. ಆ ಸುದ್ದಿ ಆರ್ಡರ್ ಕಳಿಸಿದ ಅಕ್ಕನ ಸ್ಕ್ರೀನಿಗೇ ಹೋಗಿ ಬಿತ್ತು.

ಅಕ್ಕ ಫೋನ್ ಮಾಡಿದಾಗ ಬಾಯಿಗೆ ಕೈ ಅಡ್ಡ ಹಿಡದು ಪಿಸಪಿಸ ಮಾತಾಡಾಕತ್ತಿದ್ಲು. "ತಂಗೀ, ಏನ ಮಾಡಿಟ್ಟಿ? ದೇವರು ಸಿಗಲಿಲ್ಲ ಅಂತ ಬಂದೈತಿ!"

"ಗಾಬರಿ ಆಗಬ್ಯಾಡಕ್ಕಾ, ನೋಡ್ತೇನಿ."

"ಏನ ನೋಡ್ತಿ? ಕೆಳಗ ವರ ಸಿಗಲಿಲ್ಲ ಅಂತ ಬಂದೈತಿ, ಅದರ ಕೆಳಗ ವಧೂ ಸಿಗಲಿಲ್ಲಂತ! ಇಲ್ಲಿ ಎರಡೂ ಕಡೆ ಬೀಗರು ನನ್ನ ಮುಂದ ಕುಂತಾರ!"

ಆಕಿ ಸ್ಕ್ರೀನ್ ಮ್ಯಾಲೆ ಸೆರಗು ಮುಚ್ಚಿ ಹೆಂಗೋ ಅವ್ರನ್ನ ಸಾಗಹಾಕಿದ್ಲು. ನಾನು ಅವತ್ತಿನಿಂದ ಹುಕುಮು ಬ್ಯಾರೆ, ಗಿರಾಕಿ ಬರಸಿದ ಮಾತು ಬ್ಯಾರೆ ಅಂತ ತುಂಡು ತುಂಡಾಗಿ ಕೊಡೂವಂಗ 'ಮಾಡಸು'ನ ಬದಲಿ ಮಾಡಿದೆ. ಈಗ ಎಷ್ಟ ಗೀಟು ಹಾಕಿದ್ರೂ ಅವು ಬರೇ ಗೀಟು. ಅಕ್ಕಗ ಹೇಳಿದೆ, "ಇನ್ನ ಧೈರ್ಯಲೇ ಹಾಕು." ಆಕಿ ಮಾತ್ರ ಇವತ್ತಿಗೂ ಕಳಸೂ ಬಟನ್ ಒತ್ತೂ ಮುಂಚೆ ಬೀಗರನ್ನೆಲ್ಲಾ ಚಾ ಕುಡಿಯಾಕ ಹೊರಗ ಕಳಸ್ತಾಳಂತ.

ಎಲ್ಲಾದಕ್ಕೂ ಹೂಂ

ಕೆಲವು ಪ್ರೋಗ್ರಾಂ ಅದಾವು, ನಡುವ ನಿಂತು ಪ್ರಶ್ನೆ ಕೇಳ್ತಾವು. "ಇದ ಹೆಸರಿನ ಹಳೇ ಫೋಟೋ ಐತಿ, ಅದರ ಮ್ಯಾಲೆ ಬರೀಲೇನು?" ಅಂತ. ಮನಷಾ ಇದ್ರ ಹೂಂ ಅಂತಾನ. 'ಮಾಡಸು' ಏನಂದೀತು? ಅದು ಅದರ ಬಾಯಿ ನೋಡತೈತಿ, ಇದು ಇದರ ಬಾಯಿ ನೋಡತೈತಿ. ಒಂದು ಹಗಲೆಲ್ಲಾ ಹಂಗ ಎದರಾ ಬದರಾ ಕುಂತಿದ್ವು.

ನಾ ಸಿಟ್ಟಿಗೆದ್ದು, ಯಾರ ಏನ ಕೇಳಿದ್ರೂ "ಹೂಂ" ಅನ್ನು ಅಂತ ಬರದುಬಿಟ್ಟೆ. ಕೆಲಸಾ ಏನ ಓಡಿತಂತೀರಿ! ಎರಡು ದಿನಾ ನನ್ನ ಹೆಗಲ ನಾನ ತಟ್ಕೊಂಡೆ.

ಮೂರನೇ ದಿನಾ ಹಿರೇಕೆರೂರಿಂದ ಒಬ್ಬ ಹಿರ್ಯಾ ಬಂದ. ಬಾಗಲಿಗೆ ಬಡ್ಯಾಕ "ನಾಯಿ ಐತಿ, ಹುಷಾರು" ಅಂತ ಗೇಣುದ್ದದ ಬೋರ್ಡ್ ಹೇಳಿದ್ದ. ಮಷಿನ್ನಿಗೆ ಕಳಸೂ ಪ್ರೋಗ್ರಾಂ, "ಅಳತಿ ಇಂಚೋ ಫುಟೋ ತಿಳೀವಲ್ದು, ಫುಟ್ ಅಂತ ಹಿಡೀಲೇನು?" ಅಂತ ಕೇಳೈತಿ. 'ಮಾಡಸು' ಹೂಂ ಅಂದೈತಿ. ಬೋರ್ಡಿನ ಮ್ಯಾಲಿನ ನಾಯಿ ಎಮ್ಮಿಗಿಂತ ದೊಡ್ಡದಾಗಿ, ಹಲ್ಲು ಕಿಸಕೊಂಡು ಬಂದೈತಿ. ಹಿರೇಕೆರೂರ ಅಂಗಡ್ಯಾಂವ ಬಿಚ್ಚಿ ನೋಡದ ಸುತ್ತಿ ಕೊಟ್ಟು ಕಳಸ್ಯಾನ.

ಹಿರ್ಯಾ ಬಸ್ ಹತ್ತಿ ನೇರ ನನ್ನ ಮುಂದ ಬಂದು ನಿಂತ. ನಾನು ಕೈಮುಗದು, "ತಪ್ಪಾತ್ರಿ ಯಜ್ಜಾ, ಬ್ಯಾರೆ ಮಾಡಿಕೊಡ್ತೇನಿ," ಅಂದೆ.

"ಬೋರ್ಡಿಂದು ಇರಲಿ ಬಿಡವಾ," ಅಂದ. "ಅದನ್ನ ಗ್ವಾಡಿಗೆ ಹಚ್ಚಿ ನೋಡಿದ್ವಿ. ನಮ್ಮ ನಾಯಿ ಅದನ್ನ ನೋಡಿ ಅಂಜಿ ಮಂಚದ ಬುಡಕ ಹೊಕ್ಕೈತಿ, ಹೊರಗ ಬರವಲ್ದು. ಅದಕ್ಕೇನ ಮಾಡ್ತಿ ಹೇಳು."

ಆಮ್ಯಾಲೆ ಹೂಂ ಅನ್ನೂದು ಬಂದ್. ಯಾರರ ಪ್ರಶ್ನೆ ಕೇಳಿದ್ರ 'ಮಾಡಸು' ಸ್ವಲ್ಪ ಹೊತ್ತು ಕಾಯತೈತಿ, ಆಮ್ಯಾಲೆ ಆ ಪ್ರೋಗ್ರಾಮನ್ನ ಎಬ್ಬಿಸಿ ಕಳಿಸಿ, "ಆಗಲಿಲ್ಲ" ಅಂತ ಕಾರಣಾ ಸಮೇತ ಸಾವ್ಕಾರ್ರ ಫೋನಿಗೆ ಮೆಸೇಜ್ ಹಾಕತೈತಿ. ಕೆಟ್ಟದ್ದು ಯಾವಾಗ ಸುಧಾರಸ್ತೈತೋ ನೋಡಿ ತಾನ ಮತ್ತ ಕಳಸತೈತಿ. ಯಾವ ಮುಲಾಜೂ ಇಲ್ಲ.

ಚಾ ಆತೇನ್ರಿ

ಸೀಜನ್ ಮುಗಿಯಾಕ ಬಂದಿತ್ತು. "ನಾಳೆ ಬಂದು ನೋಡ್ರಿ," ಅಂದೆ ಸಾವ್ಕಾರ್ರಿಗೆ. ರಾತ್ರಿ ನಿದ್ದಿ ಬರಲಿಲ್ಲ, ಸುಳ್ಳ್ಯಾಕ ಹೇಳ್ಲಿ.

ಮುಂಜಾನೆ ಬಂದಾವ್ರ ನನ್ನ ಬಾಜೂ ಕುರ್ಚಿ ಎಳಕೊಂಡು ಕುಂತ್ರು. "ಕೈ ಎರಡೂ ತೊಡಿಮ್ಯಾಲೆ ಇಟ್ಕೋ," ಅಂದ್ರು. ಸವಣೂರ ಖಾರಾದ ಪೊಟ್ಟಣಾ ಬಿಚ್ಚಿ ಮುಂದ ಇಟ್ಟು ತಾವೊಬ್ರ ತಿಂದ್ರು. ನನ್ನ ಕೈ ತೊಡಿಮ್ಯಾಲೆ ಇದ್ವಲ್ಲ!

ಆರ್ಡರ್ ಬಂದ್ವು, ಹೋದ್ವು. ಗೀಟು ಬಂದ್ವು, ಹೋದ್ವು. ಅವತ್ತು ಪ್ರಶ್ನೆ ಕೇಳಾವ್ರು ಯಾರೂ ಬರಲಿಲ್ಲ. ಮಧ್ಯಾಹ್ನ ಆತು, ಎಲ್ಲಾ ಸುರಳೀತ. ಇನ್ನೇನು ಗೆದ್ದೆ ಅನ್ನೂದ್ರಾಗ ಸಾವ್ಕಾರ್ರ ಫೋನ್ ಟಿಣ್ ಅಂತು. "ಆಗಲಿಲ್ಲ. ಶಿಗ್ಗಾಂವಿ ಮಷಿನ್ ಬಂದ್ ಐತಿ."

ಕೌಂಟರು, ರಸೀದಿ ಪುಸ್ತಕ ಎಲ್ಲಾ ಕಣ್ಣ ಮುಂದ ಕುಣದ್ವು. ಸಾವ್ಕಾರ್ರು ಅಲ್ಲೇ ಮಷಿನ್ ಮಾಮಾಗ ಫೋನ್ ಹಚ್ಚಿದ್ರು. "ಏನ ನಡದೈತೋ ಅಲ್ಲಿ?"

"ಎಲ್ಲಾ ನಡದೈತ್ರಿ ಸಾವ್ಕಾರ್ರ! ಮಷಿನ್ ಮುಂದ ಅದೇನ್ರಿ!"

ಸಾವ್ಕಾರ್ರು ನನ್ನ ಮಾರಿ ನೋಡಿದ್ರು. "ಅಂವಾ ನಡದೈತಿ ಅಂತಾನ, ನಿಂದು ಬಂದ್ ಐತಿ ಅಂತೈತಿ. ಯಾರನ್ನ ನಂಬ್ಲಿ?"

"ಗಾಡಿ ತಗೀರಿ. ಹೋಗಿ ಕಣ್ಲೆ ನೋಡೂಣು," ಅಂದೆ. ಧೈರ್ಯ ಎಲ್ಲಿಂದ ಬಂತೋ ಏನೋ. 'ಮಾಡಸು'ನ ಒಳಗ ಹೊರಗ ತಿರುವಿ ಹಾಕಿ ಬರದಾಕಿ ನಾನು, ಅದು ಸುಳ್ಳ ಹೇಳೂದಿಲ್ಲ ಅಂತ ಗಟ್ಟಿ ಗೊತ್ತಿತ್ತು.

ಶಿಗ್ಗಾಂವಿ ಅಂಗಡಿಗೆ ಕೀಲಿ ಬಿದ್ದಿತ್ತು. ನಾವು ಕೀಲಿ ನೋಡಿಕೋಂತ ನಿಂತಾಗ ಹುಲಗೂರ ಕಡಿಂದ ಸ್ಕೂಟರ್ ಬಂತು. ಮಾಮಾ ಬೀಗರ ಮನ್ಯಾಗ ಹೋಳಿಗಿ ಊಟಾ ಮುಗಿಸಿ, ಬಾಯಿತುಂಬ ಎಲಿ ಹಾಕ್ಕೊಂಡು ಬಂದಿದ್ದ.

"ಮಷಿನ್ ಮುಂದ ಅದೇನಿ ಅಂದ್ಯಲ್ಲೋ?" ಅಂದ್ರು ಸಾವ್ಕಾರ್ರು.

ಮಾಮಾ ಎಲಿ ಉಗುಳಿ, ಮಾರಿ ಸಪ್ಪಗ ಮಾಡಿ, "ಮನಸೆಲ್ಲಾ ಇಲ್ಲೇ ಇತ್ರಿ," ಅಂದ.

ಬಾಗಲಾ ತಗದು ಮಷಿನ್ ಚಾಲೂ ಮಾಡಿದ್ದ ತಡ, ನಿಂತ ಆರ್ಡರ್ ಎಲ್ಲಾ ತಾವ ಬಂದು ಬಿದ್ವು. ಸಂಜೀಕ ಒಂದೂ ಬಾಕಿ ಉಳೀಲಿಲ್ಲ. ನಾ ಕೈ ಹಚ್ಚಿರಲಿಲ್ಲ.

ವಾಪಸ್ ಬರೂ ಮುಂದ ನಾನ ಕೇಳಿದೆ, "ಪಾಸೋ ಫೇಲೋ ಹೇಳಿಬಿಡ್ರಿ."

"ಪಾಸ್. ಹುಬ್ಬಳ್ಳಿದು ಬ್ಯಾಡ, ಇದ ಇರಲಿ. ನೀನೂ ಕಂಪ್ಯೂಟರ್ ಮುಂದ ಇರು." ನನಗ ಕುಣೀಬೇಕು ಅನಿಸ್ತು. "ಆದ್ರ ಯವ್ವಾ, ಇದಕ್ಕ ಮಾತಾಡೂ ರೀತಿ ಬರೂದಿಲ್ಲ. ಇಷ್ಟು ವರ್ಷ ಧಂದೆ ಮಾಡೇನಿ, ಆಗಲಿಲ್ಲ ಅಂತ ಮಾರಿಗೆ ಹೊಡದಂಗ ಯಾರೂ ಹೇಳಿದ್ದಿಲ್ಲ. ಎದಿ ಧಸಕ್ ಅಂತು. ಕೆಟ್ಟ ಸುದ್ದಿ ಹೇಳಾವ್ರು ಮದಲ ಚಾ ಆತೇನ್ರಿ ಅಂತ ಕೇಳ್ತಾರ, ಆಮ್ಯಾಲೆ ವಿಷಯಕ್ಕ ಬರ್ತಾರ. ಅಷ್ಟು ಕಲಸು ಅದಕ್ಕ."

ಕಲಿಸಿದೆ. ಈಗ ಏನರ ಕೆಟ್ರ 'ಮಾಡಸು' ಮದಲ "ಚಾ ಆತೇನ್ರಿ ಸಾವ್ಕಾರ್ರ?" ಅಂತ ಮೆಸೇಜ್ ಕಳಸತೈತಿ. ಸ್ವಲ್ಪ ತಡದು, ಕೆಟ್ಟಿದ್ದನ್ನ ಹೇಳತೈತಿ. ಸಾವ್ಕಾರ್ರಿಗೆ ಭಾಳ ಸಮಾಧಾನ ಆತು.

ಕೆಲವು ದಿನದ ಮ್ಯಾಲೆ ಅವ್ರು ನಮ್ಮ ಅಂಗಡ್ಯಾಗ ಕುಂತು ಹಾಳೀ ಲೆಕ್ಕಾ ನೋಡಾಕತ್ತಿದ್ರು. ಮನಿಯಿಂದ ಫೋನ್ ಬಂತು. ಕೈಯಾಗ ಪೆನ್ ಇತ್ತಂತ ಸ್ಪೀಕರ್ ಹಾಕಿದ್ರು. ಅವ್ರ ಮನಿಯಾವ್ರು, ಪಾಪ, ಭಾಳ ಮೆತ್ತಗ ಕೇಳಿದ್ರು, "ಚಾ ಆತೇನ್ರಿ?"

ಸಾವ್ಕಾರ್ರು ಪೆನ್ ಒಗದು ಎದ್ದು ನಿಂತ್ರು. ಚಪ್ಪಲ್ಯಾಗ ಕಾಲು ಹೊಗಸಿಕೋಂತ ಒದರಿದ್ರು, "ಯಾವ ಮಷಿನ್ ನಿಂತೈತಿ? ಮದಲ ಅದನ್ನ ಹೇಳು!"

ಆ ಕಡಿಂದ ಅವ್ರು ಅಂಜಿಕೋಂತ ಅಂದ್ರು, "ಅರಿವಿ ಒಗಿಯೂ ಮಷಿನ್ ರೀ. ನಿಮಗ ಆಗಲೇ ಯಾರ ಹೇಳಿದ್ರು?"