ಮಾದರಿ ಬಿಲ್ಲು, ಕ್ರಮಾಂಕ ಒಂದು

ಆಪತ್ಕಾಲದಲ್ಲಿ ನೌಕರನು ನೈಸರ್ಗಿಕ ವಸ್ತುಗಳಿಂದಲೇ ಬಿಲ್ಲು ತಯಾರಿಸಿ, ಬೇಟೆಯಾಡಿ ಬದುಕುಳಿಯತಕ್ಕದ್ದು ಎಂದು ನಮ್ಮ ತರಬೇತಿ ಇಲಾಖೆಯ ಕೈಪಿಡಿಯ ನಾಲ್ಕನೇ ನಿಯಮ ಹೇಳುತ್ತದೆ. ಈ ನಿಯಮದಿಂದ ಏಳು ಜನ ಬದುಕುಳಿದದ್ದು ದಾಖಲೆಯಲ್ಲಿದೆ. ದಾಖಲೆ ಬರೆದವನು ನಾನೇ.

ಎರಡು ದಿನದ ಶಿಬಿರಕ್ಕೆಂದು ಕಾಡಿಗೆ ಹೋಗಿದ್ದೆವು. ನಿರ್ದೇಶಕರು, ನಾನೂ ಸೇರಿ ಐವರು ತರಬೇತುದಾರರು, ಹನ್ನೊಂದು ವರ್ಷದಿಂದ ತಾತ್ಕಾಲಿಕವಾಗಿಯೇ ಉಳಿದಿದ್ದ ಅಡುಗೆಯಮ್ಮ. "ಈ ಶಿಬಿರ ಒಂದು ಮುಗೀಲಿ, ನಿಮ್ಮ ಕೆಲಸ ಖಾಯಂ" ಎಂದು ನಿರ್ದೇಶಕರು ಆಕೆಗೆ ಮಾತು ಕೊಟ್ಟಿದ್ದರು. ಎರಡನೇ ದಿನ ಹೊಳೆ ಉಕ್ಕಿ ಸೇತುವೆ ಕೊಚ್ಚಿಹೋಯಿತು. ಮೂರನೇ ದಿನ ದಿನಸಿ ಮುಗಿಯಿತು. ನಿರ್ದೇಶಕರು ಗಡಿಯಾರ ನೋಡಿ ಆಪತ್ಕಾಲವನ್ನು ಅಧಿಕೃತವಾಗಿ ಘೋಷಿಸಿದರು.

ಬಿಲ್ಲು ಮಾಡಲು ನಮಗ್ಯಾರಿಗೂ ಬರುತ್ತಿರಲಿಲ್ಲ. ನಾವು ಅದನ್ನು ಕಲಿಸುವವರು. ಕೊನೆಗೆ ಅಡುಗೆಯಮ್ಮನೇ ಒಣಗಿ ನಿಂತಿದ್ದ ಎಳೆ ಮರವೊಂದನ್ನು ಕಡಿದು ತಂದು, ನಡುವನ್ನು ದಪ್ಪ ಬಿಟ್ಟು ತುದಿಗಳನ್ನು ತರಕಾರಿ ಚಾಕುವಿನಿಂದ ಹೆರೆದು, ತೊಗಟೆಯ ನಾರು ಹೊಸೆದು ಹೆದೆ ಕಟ್ಟಿದರು. ಮಧ್ಯಾಹ್ನದೊಳಗೆ ಬಿಲ್ಲೂ ಮೂರು ಬಾಣವೂ ಸಿದ್ಧ. ಇಪ್ಪತ್ತು ಹೆಜ್ಜೆ ಆಚೆ ಒಂದು ಮೊಲ ನಿಶ್ಚಿಂತೆಯಿಂದ ಹುಲ್ಲು ಮೇಯುತ್ತಿತ್ತು.

"ಹೊಡೀಲಾ ಸಾರ್?"

"ತಡೀರಮ್ಮಾ!" ನಿರ್ದೇಶಕರು ಓಡಿಬಂದರು. "ಇಲಾಖೆ ಹುಟ್ಟಿದ ಮೇಲೆ ತಯಾರಾದ ಮೊದಲ್ನೇ ಬಿಲ್ಲಿದು. ಪರಿವೀಕ್ಷಕರು ನೋಡೋ ತನಕ ಮುಟ್ಟೋ ಹಾಗಿಲ್ಲ."

"ಅವರು ಹೊಳೆ ಆ ಕಡೆ ಇದಾರಲ್ಲ ಸಾರ್?"

"ಬರ್ತಾರೆ. ಹೆದೆ ಸಡಿಲ ಆದ್ರೆ ಯಾರು ಜವಾಬ್ದಾರಿ?"

ಬಿಲ್ಲಿಗೆ ಕ್ರಮಾಂಕದ ಚೀಟಿ ಕಟ್ಟಿ ನಿರ್ದೇಶಕರ ಹಾಸಿಗೆಯ ಮೇಲೆ ಇಡಲಾಯಿತು. ನಿರ್ದೇಶಕರು ನೆಲದ ಮೇಲೆ ಮಲಗಿದರು. ಮೊಲ ದಿನಾ ಬಂತು. ನಾವು ಸರದಿಯಂತೆ ಬಿಲ್ಲಿಗೆ ಕಾವಲು ಕೂತೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಹೇಳಿದ್ದು ಇಂಥ ಶಿಸ್ತಿಗೇ ಇರಬೇಕು. ಅಡುಗೆಯಮ್ಮ ನಮ್ಮನ್ನು ಬೈಯುತ್ತಲೇ ಮಣ್ಣು ಅಗೆದು, ಗೆಡ್ಡೆ ತಂದು ಬೇಯಿಸಿ ಹಾಕಿದರು. ಒಂದು ವಾರ ತಿಂದೆವು. ನಾನು ಎರಡೆರಡು ಸಲ ಹಾಕಿಸಿಕೊಂಡೆ.

ಕೊನೆಗೂ ದೋಣಿ ಬಂತು, ಪರಿವೀಕ್ಷಕರೂ ಬಂದರು. ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಿಂದ್ಲೇ ತಾನೆ ಎಲ್ಲಾ ಬದುಕಿದ್ದು?" ಎಂದರು.

"ಇದರಿಂದ್ಲೇ" ಎಂದರು ನಿರ್ದೇಶಕರು.

"ಮತ್ತೆ ಗೆಡ್ಡೆ?" ಅಡುಗೆಯಮ್ಮ ಕೇಳಿದರು.

"ಗೆಡ್ಡೆ ಕೈಪಿಡೀಲಿ ಇಲ್ಲಮ್ಮಾ" ಎಂದರು ನಿರ್ದೇಶಕರು. "ಬರೆದ್ರೆ ನಿಯಮ ಮೀರಿದ ಹಾಗಾಗತ್ತೆ. ಸುಮ್ನೆ ಈ ವರದಿಗೆ ಸಹಿ ಮಾಡಿ, ನಿಮ್ಮ ಫೈಲು ನನ್ನ ಮೇಜಿನ ಮೇಲೇ ಇದೆ."

ಆಕೆ ಸಹಿ ಮಾಡಿದರು. ಹಿಂದೆಯೇ ನಾವೂ ಮಾಡಿದೆವು.

ಹದಿನೈದು ದಿನಕ್ಕೆ ಆದೇಶ ಬಂತು: "ಏಳು ಜನರ ಪೋಷಣೆಗೆ ಒಂದು ಬಿಲ್ಲು ಸಾಕೆಂದು ಸಾಬೀತಾಗಿರುವುದರಿಂದ, ಇನ್ನು ಮುಂದೆ ಶಿಬಿರಗಳಿಗೆ ದಿನಸಿ ಒಯ್ಯತಕ್ಕದ್ದಲ್ಲ. ಅಡುಗೆಯವರ ಹುದ್ದೆಯನ್ನು ರದ್ದುಪಡಿಸಲಾಗಿದೆ. ಮಾದರಿ ಬಿಲ್ಲನ್ನು ಗಾಜಿನ ಕಪಾಟಿನಿಂದ ಹೊರತೆಗೆಯತಕ್ಕದ್ದಲ್ಲ."

ಅಡುಗೆಯಮ್ಮ ನನ್ನ ಮೇಜಿನ ಮುಂದೆ ನಿಂತು ಅದನ್ನು ಎರಡು ಸಲ ಓದಿದರು.

"ಆ ವರದೀಲಿ ನನ್ನ ಸಹಿನೂ ಇದೆಯಲ್ವಾ?"

"ಮೊದಲ್ನೇದೇ ನಿಮ್ದು."

"ಹಾಗಾದ್ರೆ ಸರಿಯಾಗೇ ಇರತ್ತೆ ಬಿಡಿ" ಎಂದು ಅಡುಗೆಮನೆಯ ಬೀಗದಕೈ ಮೇಜಿನ ಮೇಲಿಟ್ಟರು. ನನಗೆ ನಾಚಿಕೆಯಾಯಿತು. ನಾಚಿಕೆಗೆ ನಮ್ಮಲ್ಲಿ ನಮೂನೆ ಇಲ್ಲದ್ದರಿಂದ ಬೀಗದಕೈಗೆ ರಸೀದಿ ಕೊಟ್ಟೆ.

ಸೋಮವಾರ ಮುಂದಿನ ಶಿಬಿರ. ನಾವು ಆರೂ ಜನ ಹೊರಟಿದ್ದೇವೆ.